ಹಕ್ಕಿನ ಮಾತು, ಪರರ ಗೋಡೆ

ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ರಸ್ತೆಯ 69ನೇ ನಂಬರಿನ ಕಟ್ಟಡದಲ್ಲಿ ಎನ್‌ಎಎಸಿಪಿ ಎಂಬ ಸಂಸ್ಥೆಯ ಕಚೇರಿಯಿತ್ತು. ಅಮೆರಿಕದ ಕಪ್ಪುಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು. 1930ರ ದಶಕದಲ್ಲಿ, ದೇಶದ ಯಾವುದೋ ಮೂಲೆಯಲ್ಲಿ ಜನರ ಗುಂಪು ಕಪ್ಪು ಮನುಷ್ಯನೊಬ್ಬನನ್ನು ಹಿಡಿದು ಕೊಂದ ಸುದ್ದಿ ಬಂದಾಗ, ಆ ಕಚೇರಿಯಿಂದ ಒಂದು ಕಪ್ಪು ಬಾವುಟ ಬೀದಿಯ ಕಡೆಗೆ ಚಾಚಿಕೊಳ್ಳುತ್ತಿತ್ತು. ಅದರ ಮೇಲೆ ಬಿಳಿಯ ದಪ್ಪ ಅಕ್ಷರಗಳಲ್ಲಿ ಐದೇ ಐದು ಇಂಗ್ಲಿಷ್ ಪದಗಳು. ಕನ್ನಡದಲ್ಲಿ ಹೇಳುವುದಾದರೆ, 'ನಿನ್ನೆ ಒಬ್ಬ ಮನುಷ್ಯನನ್ನು ಗುಂಪುಗೂಡಿ ಕೊಂದರು.' ಚಿತ್ರವಿಲ್ಲ, ಘೋಷಣೆಯಿಲ್ಲ, ಬೈಗುಳವಿಲ್ಲ.

1938ರಲ್ಲಿ ಆ ಬಾವುಟ ಇಳಿಯಿತು. ಕೊಲೆಗಳು ನಿಂತವು ಎಂದಲ್ಲ. ಬಾವುಟ ಹಾರಿಸುವುದಾದರೆ ಕಚೇರಿ ಖಾಲಿ ಮಾಡಬೇಕಾಗುತ್ತದೆ ಎಂದು ಕಟ್ಟಡದ ಮಾಲೀಕರಿಂದ ಎಚ್ಚರಿಕೆ ಬಂದಿತ್ತು.

ನಾನು ಪಿಎಚ್‌ಡಿಗಾಗಿ ಓದುತ್ತಿರುವುದು ಚಳವಳಿಗಳ ಪ್ರಚಾರ ಸಾಮಗ್ರಿಯನ್ನು: ಕರಪತ್ರ, ಭಿತ್ತಿಪತ್ರ, ಪತ್ರಿಕಾ ಜಾಹೀರಾತು, ಈಗೀಗ ಆನ್‌ಲೈನ್ ಬ್ಯಾನರ್. ಇವುಗಳ ವಿನ್ಯಾಸದ ಬಗ್ಗೆ ಬರೆದವರು ಸಾಮಾನ್ಯವಾಗಿ ಬಣ್ಣ, ಅಕ್ಷರ, ಚಿತ್ರಗಳ ಮಾತಾಡುತ್ತಾರೆ. ಓದುತ್ತಾ ಹೋದಂತೆ ನನಗೆ ಕಾಡಿದ್ದು ಬೇರೆಯೇ ಪ್ರಶ್ನೆ. ಹಕ್ಕು ಕೇಳುವವರ ಬಳಿ ಸ್ವಂತ ಗೋಡೆ ಇರುವುದು ಅಪರೂಪ. ಅವರ ಮಾತು ಯಾವಾಗಲೂ ಯಾರದೋ ಗೋಡೆಯ ಮೇಲೆ ತೂಗುತ್ತಿರುತ್ತದೆ. ಆ ಗೋಡೆ ಯಾರದು?

1960ರ ಮಾರ್ಚ್ 29ರಂದು 'ದಿ ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಒಂದು ಪೂರ್ಣಪುಟದ ಜಾಹೀರಾತು ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲಿನ ಮೊಕದ್ದಮೆಗೆ ಮತ್ತು ದಕ್ಷಿಣದ ವಿದ್ಯಾರ್ಥಿ ಚಳವಳಿಗೆ ಹಣ ಕೂಡಿಸುವುದು ಅದರ ಉದ್ದೇಶ. ಅದರಲ್ಲಿ ಕೆಲವು ಸಣ್ಣ ತಪ್ಪುಗಳಿದ್ದವು. ಕಿಂಗ್ ಏಳು ಬಾರಿ ಬಂಧನಕ್ಕೊಳಗಾಗಿದ್ದರು ಎಂದಿತ್ತು; ನಾಲ್ಕು ಬಾರಿ ಎಂಬುದು ನಿಜ. ವಿದ್ಯಾರ್ಥಿಗಳು ಹಾಡಿದ್ದು ರಾಷ್ಟ್ರಗೀತೆ. ಜಾಹೀರಾತು ಇನ್ನೊಂದು ಹಾಡಿನ ಹೆಸರು ಹೇಳಿತ್ತು. ಮಾಂಟ್ಗಾಮರಿ ನಗರದ ಕಮಿಷನರ್ ಎಲ್. ಬಿ. ಸಲಿವನ್ ಇಷ್ಟನ್ನೇ ಹಿಡಿದುಕೊಂಡು ಮಾನನಷ್ಟ ದಾವೆ ಹೂಡಿದರು. ಜಾಹೀರಾತಿನಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಅಲಬಾಮದ ಜ್ಯೂರಿ 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ದಾವೆ ಬಿದ್ದದ್ದು ಜಾಗ ಕೊಟ್ಟ ಪತ್ರಿಕೆಯ ಮೇಲೆ, ಜೊತೆಗೆ ಜಾಹೀರಾತಿನ ಕೆಳಗೆ ಹೆಸರು ಅಚ್ಚಾಗಿದ್ದ ನಾಲ್ವರು ಕಪ್ಪು ಪಾದ್ರಿಗಳ ಮೇಲೆ. 1964ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಒಮ್ಮತದಿಂದ ತಳ್ಳಿಹಾಕಿತು. ಸುಳ್ಳೆಂದು ಗೊತ್ತಿದ್ದೇ ಬರೆದದ್ದನ್ನು, ಅಥವಾ ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಬರೆದದ್ದನ್ನು ಸಾಬೀತು ಮಾಡದೆ ಅಧಿಕಾರಿಯೊಬ್ಬ ತನ್ನ ಅಧಿಕಾರದ ನಡವಳಿಕೆಯ ಟೀಕೆಗೆ ಪರಿಹಾರ ಪಡೆಯಲಾರ ಎಂಬ ತತ್ವ ಹುಟ್ಟಿದ್ದು ಹೀಗೆ, ಒಂದು ಜಾಹೀರಾತಿನಿಂದ. ಆದರೆ ಆ ನಾಲ್ಕು ವರ್ಷ, ದಕ್ಷಿಣದ ಸುದ್ದಿ ಬರೆಯುವ ಪತ್ರಿಕೆಗಳೆಲ್ಲ ದಾವೆಯ ಭಯದಲ್ಲೇ ಬರೆಯಬೇಕಾಯಿತು. ಗೋಡೆಯ ಮಾಲೀಕನನ್ನು ಹೆದರಿಸಿದರೆ ಸಾಕು, ಮಾತನಾಡುವವನನ್ನು ಬೇರೆಯಾಗಿ ಹೆದರಿಸಬೇಕಿಲ್ಲ.

ಆನ್‌ಲೈನ್ ಬ್ಯಾನರ್ ಬಂದದ್ದು ಪೂರ್ತಿ ವ್ಯಾಪಾರದ ಮನೆಯಿಂದ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಜಾಲತಾಣ ಶುರುವಾದಾಗ ಅದರಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿಯಿತ್ತು. ಅಗಲ 468 ಪಿಕ್ಸೆಲ್, ಎತ್ತರ 60. ಮುಂದೆ ಅದೇ ಅಳತೆ ರೂಢಿಯಾಯಿತು. ಕಾಗದದ ಜಾಹೀರಾತಿಗಿಲ್ಲದ ಒಂದು ಗುಣ ಅದಕ್ಕಿತ್ತು: ಒತ್ತಿದರೆ ಬೇರೆಡೆಗೆ ತೆರೆಯುತ್ತದೆ. ಎಂದರೆ ಗೋಡೆಯ ಮೇಲಿನ ಬರಹಕ್ಕೆ ಒಂದು ಬಾಗಿಲೂ ಬಂತು.

ಆ ಬಾಗಿಲನ್ನು ಹಕ್ಕಿನ ಚಳವಳಿ ಬಳಸಿಕೊಳ್ಳಲು ಎರಡು ವರ್ಷವೂ ಹಿಡಿಯಲಿಲ್ಲ. 1996ರ ಫೆಬ್ರುವರಿ 8ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ದೂರಸಂಪರ್ಕ ಕಾಯ್ದೆಯಲ್ಲಿ, ಅಂತರಜಾಲದಲ್ಲಿ 'ಅಸಭ್ಯ' ಮಾತನ್ನು ಅಪರಾಧವಾಗಿಸುವ ಭಾಗವೊಂದಿತ್ತು. ಅದನ್ನು ವಿರೋಧಿಸಿ ಸಾವಿರಾರು ಜಾಲತಾಣಗಳು ಎರಡು ದಿನ ತಮ್ಮ ಪುಟಗಳನ್ನು ಕಪ್ಪಾಗಿಸಿಕೊಂಡವು. ಜೊತೆಗೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಒಂದು ಪುಟ್ಟ ನೀಲಿ ರಿಬ್ಬನ್ನಿನ ಚಿತ್ರವನ್ನು ಹಂಚಿತು. ಯಾರು ಬೇಕಾದರೂ ಅದನ್ನು ತಮ್ಮ ಪುಟದಲ್ಲಿ ಹಚ್ಚಿಕೊಳ್ಳಬಹುದಿತ್ತು. ಒತ್ತಿದರೆ ಚಳವಳಿಯ ಪುಟ ತೆರೆಯುತ್ತಿತ್ತು. ಚಿತ್ರವಾಗಿ ಅದು ತೀರಾ ಸಾಧಾರಣ. ಅದರ ಬಲ ಇದ್ದದ್ದು ಜಾಗದಲ್ಲಿ. ಇಲ್ಲಿ ಯಾರೂ ಗೋಡೆಯನ್ನು ಬಾಡಿಗೆಗೆ ಹಿಡಿದಿರಲಿಲ್ಲ. ಬೆಕ್ಕಿನ ಫೋಟೊ ಹಾಕುವವರು, ಕ್ರಿಕೆಟ್ ಸ್ಕೋರ್ ಬರೆಯುವವರು, ಕವಿತೆ ಬರೆಯುವವರು ತಮ್ಮ ತಮ್ಮ ಮನೆಯ ಗೋಡೆಯಲ್ಲಿ ಒಂದು ಗೇಣು ಜಾಗ ಬಿಟ್ಟುಕೊಟ್ಟಿದ್ದರು. ಇಳಿಸಿ ಎಂದು ಹೇಳಲು ಒಬ್ಬ ಮಾಲೀಕ ಎಂಬವನೇ ಇರಲಿಲ್ಲ. 1997ರ ಜೂನ್ 26ರಂದು ಸುಪ್ರೀಂ ಕೋರ್ಟ್ ಕಾಯ್ದೆಯ ಆ ಭಾಗವನ್ನು ರದ್ದುಮಾಡಿತು.

ನಮ್ಮ ದೇಶದ ಕಥೆಯಲ್ಲಿ ಗೋಡೆಯ ಮಾಲೀಕನೇ ಪ್ರಚಾರಕ್ಕೆ ಇಳಿದ. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಅಂತರಜಾಲದ ಸಮಾನತೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. 'ಸೇವ್ ದಿ ಇಂಟರ್ನೆಟ್' ಬಳಗದ ಸ್ವಯಂಸೇವಕರು ಟ್ರಾಯ್‌ನ 20 ಪ್ರಶ್ನೆಗಳಿಗೂ ಉತ್ತರ ಸಿದ್ಧಪಡಿಸಿ, ಓದಿ ತಿದ್ದಿ ಕಳಿಸಿ ಎಂದು ಜನರ ಮುಂದಿಟ್ಟರು. 10 ಲಕ್ಷ ಮೀರಿ ಇಮೇಲ್‌ಗಳು ಹೋದವು. ವರ್ಷದ ಕೊನೆಗೆ ಟ್ರಾಯ್ ಎರಡನೆಯ ಬಾರಿ ಪ್ರಶ್ನೆ ಕೇಳಿದಾಗ ಫೇಸ್‌ಬುಕ್ ತನ್ನ 'ಫ್ರೀ ಬೇಸಿಕ್ಸ್' ಯೋಜನೆಯ ಪರವಾಗಿ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟಿತು, ಊರುಗಳಲ್ಲಿ ಹೋರ್ಡಿಂಗ್ ನಿಲ್ಲಿಸಿತು, ತನ್ನ ಬಳಕೆದಾರರ ಪರದೆಯ ಮೇಲೆಯೇ ಬೆಂಬಲ ಕೇಳಿತು. ಒಂದು ಒತ್ತು, ಟ್ರಾಯ್‌ಗೆ ಒಂದು ಸಿದ್ಧ ಪತ್ರ. ಆ ಪತ್ರಗಳು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿಲ್ಲ ಎಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರುವರಿ 8ರಂದು, ಒಂದೊಂದು ತಾಣಕ್ಕೆ ಒಂದೊಂದು ದರ ವಿಧಿಸುವುದನ್ನೇ ನಿಷೇಧಿಸಿತು. ಎರಡೂ ಕಡೆ ಗುಂಡಿ ಇತ್ತು, ಬಾಗಿಲಿತ್ತು. ಒಂದು ಬಾಗಿಲು ಜನರನ್ನು ಪ್ರಶ್ನೆಯ ಎದುರಿಗೆ ಕರೆದುಕೊಂಡು ಹೋಯಿತು. ಇನ್ನೊಂದು ಅವರ ತಲೆ ಎಣಿಸಿತು.

ಇದೇ ಫೇಸ್‌ಬುಕ್‌ನಲ್ಲಿ 2020ರವರೆಗೆ ಇನ್ನೊಂದು ನಿಯಮವಿತ್ತು. ಜಾಹೀರಾತಿನ ಚಿತ್ರದಲ್ಲಿ ಅಕ್ಷರಗಳು ಶೇಕಡಾ 20ಕ್ಕಿಂತ ಹೆಚ್ಚು ಜಾಗ ಹಿಡಿಯುವಂತಿರಲಿಲ್ಲ. ಮೊದಮೊದಲು ಅಂಥದನ್ನು ತಿರಸ್ಕರಿಸುತ್ತಿದ್ದರು, ಆಮೇಲೆ ಕಡಿಮೆ ಜನರಿಗೆ ತೋರಿಸುತ್ತಿದ್ದರು. ಅಕ್ಷರವೇ ಸರ್ವಸ್ವವಾದ ಆ ಕಪ್ಪು ಬಾವುಟ ಅಲ್ಲಿಯೂ ಹಾರುತ್ತಿರಲಿಲ್ಲ.

ಇದೆಲ್ಲ ನನಗೆ ಬರೀ ಓದಾಗಿ ಉಳಿಯಲಿಲ್ಲ. ಹಿಂದಿನ ವರ್ಷ ಶಿಷ್ಯವೇತನ ನಿಂತಾಗ ನಾವು ಕೆಲವು ಸಂಶೋಧನಾ ವಿದ್ಯಾರ್ಥಿಗಳು ಮೊಬೈಲ್ ಪರದೆಗೆ ಹೊಂದುವ 320×50 ಪಿಕ್ಸೆಲ್‌ನ ಒಂದು ಬ್ಯಾನರ್ ಮಾಡಲು ಕೂತೆವು. ಎತ್ತಿದ ಮುಷ್ಟಿ ಇರಲಿ ಎಂದರು ಒಬ್ಬರು, ಅಂಬೇಡ್ಕರ್ ಚಿತ್ರ ಬೇಕು ಎಂದರು ಇನ್ನೊಬ್ಬರು. ಜಾಗವೆಲ್ಲಿದೆ? ಇಂಗ್ಲಿಷಿನ ಎರಡು ಸಾಲು ಹಿಡಿಸುವ ಎತ್ತರದಲ್ಲಿ ಕನ್ನಡದ ಒಂದೇ ಸಾಲು ನೆಮ್ಮದಿಯಾಗಿ ಕೂರುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಮಾತುಗಳನ್ನು ಒಂದಾದ ಮೇಲೊಂದು ಮೂಡಿಸೋಣ ಎಂದರೆ, ಕನ್ನಡದಲ್ಲಿ 'ಇಲ್ಲ' ಬರುವುದು ವಾಕ್ಯದ ತುದಿಗೆ. ಅದು ಮೂಡುವಷ್ಟರಲ್ಲಿ ಓದುಗರ ಬೆರಳು ಮುಂದಕ್ಕೆ ಹೋಗಿರುತ್ತದೆ. ಕೊನೆಗೆ ಉಳಿದದ್ದು ಕಪ್ಪು ಪಟ್ಟಿಯ ಮೇಲೆ ಅಲುಗಾಡದ ಒಂದು ಸಾಲು: 'ಏಳು ತಿಂಗಳಿಂದ ಶಿಷ್ಯವೇತನ ಬಂದಿಲ್ಲ.' ಏಳೋ ಆರೋ ಎಂದು ಎಲ್ಲರ ಪಾಸ್‌ಬುಕ್ ತೆರೆದು ನೋಡಿದೆವು. ಸಲಿವನ್ ಮೊಕದ್ದಮೆ ನನ್ನ ತಲೆಯಲ್ಲಿತ್ತು. ಕಣ್ಣು ಕಾಣದ ಗೆಳೆಯನೊಬ್ಬ, 'ಚಿತ್ರದೊಳಗೆ ಬರೆದರೆ ನನ್ನ ಫೋನು ಅದನ್ನು ಓದೋದಿಲ್ಲ, ಪಕ್ಕಕ್ಕೆ ಪಠ್ಯವಾಗಿಯೂ ಸೇರಿಸಿ' ಎಂದ. ಸೇರಿಸಿದೆವು. ಹಣ ಕೊಟ್ಟು ಹಾಕಿಸಲಿಲ್ಲ, ಗೆಳೆಯರ ಬ್ಲಾಗುಗಳಲ್ಲಿ ಜಾಗ ಕೇಳಿದೆವು. ಒತ್ತಿದರೆ ತೆರೆಯುವ ಪತ್ರದಲ್ಲಿ ಪ್ರತಿಯೊಬ್ಬರೂ ತಮ್ಮ ಬಾಕಿಯನ್ನು ತಾವೇ ತುಂಬಬೇಕಿತ್ತು.

ಶಿಷ್ಯವೇತನ ಆಮೇಲೆ ಕಂತುಕಂತಾಗಿ ಬಂತು. ಅದು ಈ ಪಟ್ಟಿಯಿಂದಲೇ ಬಂತು ಎಂದು ನಾನು ಹೇಳಲಾರೆ. ಫಲಕವೊಂದರಿಂದ ಏನಾಯಿತು ಎಂದು ಲೆಕ್ಕ ಹಾಕುವುದು ಕಷ್ಟ, ಅದು ಕೆಲಸ ಮಾಡುವ ಕಾಲವೂ ಬೇರೆ. ಗುಂಪುಹತ್ಯೆಯ ವಿರುದ್ಧದ ಮೊದಲ ಮಸೂದೆ ಅಮೆರಿಕದ ಸಂಸತ್ತಿಗೆ ಬಂದದ್ದು 1900ರಲ್ಲಿ. ಗುಂಪುಹತ್ಯೆಯನ್ನು ದ್ವೇಷಾಪರಾಧವೆಂದು ಪರಿಗಣಿಸುವ ಎಮ್ಮೆಟ್ ಟಿಲ್ ಕಾಯ್ದೆಗೆ ಸಹಿ ಬಿದ್ದದ್ದು 2022ರ ಮಾರ್ಚ್ 29ರಂದು. ಮಾಲೀಕರ ಮಾತಿಗೆ ಆ ಬಾವುಟ ಇಳಿದು ಆಗ 84 ವರ್ಷಗಳಾಗಿದ್ದವು.