‘ಪಾಸು’ ಎಂಬ ಶಬ್ದದ ಸಂಚಾರ

ಶಬ್ದಗಳಿಗೂ ಮನುಷ್ಯರಂತೆ ಕುಲಗೋತ್ರಗಳೂ ದೇಶಾಟನಗಳೂ ಉಂಟು. ಕೆಲವು ಶಬ್ದಗಳು ಪರದೇಶದಿಂದ ಬಂದು, ನಮ್ಮ ಜನರ ನಾಲಿಗೆಯ ಮೇಲೆ ನೆಲೆಸಿ, ತಮ್ಮ ಪೂರ್ವಾಶ್ರಮವನ್ನೇ ಮರೆಯುವವು. ‘ಪಾಸು’ ಎಂಬುದು ಅಂಥದೊಂದು. ಕಾರವಾರ-ಅಂಕೋಲೆಗಳ ಸೀಮೆಯಲ್ಲಿ ಅಕ್ಷರವರಿಯದವರುಂಟು, ಈ ಶಬ್ದವನ್ನರಿಯದವರಿಲ್ಲ.

ನಾನು ಸಂಸ್ಕೃತ ಪಾಠಶಾಲೆಯ ಕಾವ್ಯ ಪರೀಕ್ಷೆಯಲ್ಲಿ ಉತ್ತೀರ್ಣನಾದ ದಿನ ಅಂಗಳದಲ್ಲಿ ನಿಂತು ‘ಪಾಸಾದೆ’ ಎಂದು ಕೂಗಿದೆನು. ಗೀರ್ವಾಣಭಾಷೆಯ ಪರೀಕ್ಷೆಗೂ ಈ ಶಬ್ದವೇ ಬೇಕಾಯಿತು! ಬೆಟ್ಟದಿಂದ ಕಟ್ಟಿಗೆ ಹೊತ್ತು ತಂದು ಮಾರುತ್ತಿದ್ದ ವೃದ್ಧೆಯೊಬ್ಬಳು ಆಗ ನಮ್ಮ ಜಗುಲಿಯ ಕೆಳಗೆ ಹೊರೆ ಇಳಿಸಿ ಕುಳಿತಿದ್ದಳು. ಆಕೆ ತಲೆಯೆತ್ತಿ, “ಪಾಸು ಸಿಕ್ತೇನೋ ತಮಾ? ಎಷ್ಟು ದಿವಸ ನಡೀತದೆ ಅದು?” ಎಂದು ಕೇಳಿದಳು. ನಾವೆಲ್ಲರೂ ನಕ್ಕೆವು. ನಕ್ಕದ್ದು ತಪ್ಪೆಂದು ತಿಳಿಯಲು ನನಗೆ ಅನೇಕ ವರ್ಷಗಳು ಬೇಕಾದವು.

ಮೊದಲು ಶಬ್ದದ ಕುಲವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಪಾಸ್ಸುಸ್’ ಎಂದರೆ ಹೆಜ್ಜೆ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ದಾಟು’ ಎಂಬರ್ಥವನ್ನು ತಾಳಿತು. ಕಾಲ ಕಳೆಯುವುದೂ ಪಾಸು. ಸಭೆಯಲ್ಲಿ ಮಸೂದೆ ಮಂಜೂರಾಗುವುದೂ ಪಾಸು. ಇಸ್ಪೀಟಿನಲ್ಲಿ ಸರದಿ ಬಿಡುವುದೂ ಚೆಂಡನ್ನು ಜೊತೆಗಾರನಿಗೆ ಸಾಗಿಸುವುದೂ ಪಾಸು. ಇಹಲೋಕವನ್ನು ದಾಟಿದವನಿಗೂ ಇದೇ ಶಬ್ದ. ನಮ್ಮ ‘ಉತ್ತೀರ್ಣ’ವೂ ದಾಟುವುದೆಂಬ ‘ತೄ’ ಧಾತುವಿನಿಂದಲೇ ಹುಟ್ಟಿದುದು. ಆದುದರಿಂದ ಪರೀಕ್ಷೆಯ ಮಟ್ಟಿಗೆ ಎರಡು ಭಾಷೆಗಳ ಭಾವವೂ ಒಂದೇ.

ಕನ್ನಡದಲ್ಲಾದರೋ ಈ ಧ್ವನಿ ಹೊಸದಲ್ಲ. ಇಂದಿನ ‘ಹಾಸು’ ಹಳಗನ್ನಡದಲ್ಲಿ ‘ಪಾಸು’. ಸಂಸ್ಕೃತದಲ್ಲಿ ‘ಪಾಶ’ವೆಂದರೆ ಕೊರಳಿಗೆ ಬೀಳುವ ಹಗ್ಗ, ಸಮುದ್ರಾಧಿಪತಿಯಾದ ವರುಣನ ಆಯುಧ. ಇವು ಕೇವಲ ಧ್ವನಿಸಾಮ್ಯಗಳು, ಬಂಧುತ್ವವೇನೂ ಇಲ್ಲ. ಆದರೂ ನಮ್ಮ ಕರಾವಳಿಯ ಚರಿತ್ರೆಯನ್ನು ನೋಡಿದರೆ, ಆಂಗ್ಲರ ಪಾಸಿಗೂ ವರುಣನ ಪಾಶಕ್ಕೂ ಏನೋ ನಂಟಿದೆಯೆಂದು ತೋರದಿರದು.

ದಾರಿ ನಡೆಯಲು ಅಪ್ಪಣೆಚೀಟಿ ಬೇಕೆಂಬುದು ಪರದೇಶೀಯರು ತಂದ ಪದ್ಧತಿಯೇನಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಮುದ್ರಾಧ್ಯಕ್ಷ’ನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕ ಕೊಟ್ಟು ಅವನಿಂದ ಮುದ್ರೆ ಪಡೆದವನಿಗೆ ಮಾತ್ರ ಜನಪದವನ್ನು ಹೊಗಲೂ ಬಿಡಲೂ ಅವಕಾಶ. ಮುದ್ರೆಯಿಲ್ಲದೆ ನಡೆದ ಜನಪದನಿವಾಸಿಗೆ ಹನ್ನೆರಡು ಪಣ ದಂಡ. ಮುಂದೆ ಪಾರಸಿಯಿಂದ ‘ರಹದಾರಿ’ ಬಂದಿತು. ಹೀಗೆ ನೆಲದ ಮೇಲೆ ಪಾಸು ಹಳೆಯದು. ಆದರೆ ಸಮುದ್ರಕ್ಕೆ ಬೇಲಿಯುಂಟೆಂದು ನಮ್ಮವರು ಎಣಿಸಿರಲಿಲ್ಲ.

ಆ ಬೇಲಿಯನ್ನು ಹಾಕಿದವರು ಪೋರ್ತುಗೀಜರು. 1505ರಲ್ಲಿ ಅವರು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆಗೆ ಕೈಹಾಕಿದರು. ಅವರ ಅಪ್ಪಣೆಚೀಟಿಗೆ ‘ಕರ್ತಾಜ್’ ಎಂದು ಹೆಸರು. ಹಡಗು ಯಾರದು, ನಾಯಕನಾರು, ಸರಕೇನು, ಹೋಗುವುದೆಲ್ಲಿಗೆ ಎಂಬುದೆಲ್ಲವನ್ನೂ ಅದರಲ್ಲಿ ಬರೆಯಬೇಕು. ಚೀಟಿಯ ಬೆಲೆ ಅಲ್ಪವೇ; ಆದರೆ ಅದನ್ನು ಪಡೆದವನು ಅವರ ರೇವಿಗೆ ಹೋಗಿ ಸುಂಕ ತೆರಬೇಕು. ಚೀಟಿಯಿಲ್ಲದ ಹಡಗು ಸರಕುಸಹಿತ ಅವರ ವಶ. 1547ರಲ್ಲಿ ವಿಜಯನಗರದೊಡನೆ ಅವರು ಮಾಡಿಕೊಂಡ ಒಪ್ಪಂದದಲ್ಲಿ, ರಾಯರ ರಾಜ್ಯದ ಬಟ್ಟೆ ಆದಿಲಶಾಹಿಯ ಬಂದರುಗಳಿಗೆ ಹೋಗದೆ ಅಂಕೋಲೆಗೋ ಹೊನ್ನಾವರಕ್ಕೋ ಬರಬೇಕೆಂದಿತ್ತು. ಅಂಕೋಲೆಯ ರೇವಿಗೆ ಮಾಲು ಬಂದಿತು ನಿಜ. ಅಲ್ಲಿಂದ ಮುಂದಿನ ನೀರು ಪರರದಾಯಿತು. ಇದಲ್ಲವೇ ವರುಣಪಾಶ!

ಇಂಗ್ಲಿಷರು ಬೆಟ್ಟದ ಕಣಿವೆದಾರಿಗೂ ‘ಪಾಸು’ ಎನ್ನುವರು. ನಾವು ಅದನ್ನು ಘಟ್ಟವೆನ್ನುವೆವು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಧಾರವಾಡದ ಹತ್ತಿಯನ್ನು ಕೈಗಾ ಘಟ್ಟದಿಂದಿಳಿಸಿ ಕಾರವಾರದಲ್ಲಿ ಹಡಗಿಗೇರಿಸುವ ಆಸೆ ಆ ಕಾಲದ್ದು. ಆದರೆ 1880ರ ದಶಕದಲ್ಲಿ ರೈಲುಹಳಿ ಮರ್ಮಗೋವೆಗೆ ಹೋದುದರಿಂದ ಆ ಆಸೆ ಕುಂದಿತು. ಘಟ್ಟವೆಂಬ ಪಾಸು ಬಡವಾಯಿತು. ಕಾಗದದ ಪಾಸು ಮಾತ್ರ ಬಲಿಯಿತು.

ಆ ಕಾಗದವು ಅರಣ್ಯ ಇಲಾಖೆಯದು. ಈ ಜಿಲ್ಲೆಯ ನೆಲದಲ್ಲಿ ಕಾಡೇ ಬಹುಪಾಲು. 1878ರ ಅರಣ್ಯ ಕಾನೂನು ಬಂದಮೇಲೆ ಕಾಡು ಕಾದಿಟ್ಟ ಕಾಡಾಯಿತು. ಕುಮರಿ ಬೇಸಾಯಕ್ಕೆ ತಡೆ ಬಿತ್ತು. ಸೊಪ್ಪು, ಸೌದೆ, ಬಿದಿರು, ನೇಗಿಲಿನ ಮರ ಎಲ್ಲಕ್ಕೂ ಅಪ್ಪಣೆ ಬೇಕಾಯಿತು. ಯಾವ ಮಾಲು, ಎಷ್ಟು, ಎಲ್ಲಿಂದ ಎಲ್ಲಿಗೆ, ಯಾವ ತಾರೀಖಿನವರೆಗೆ ಎಂದು ಬರೆದ ಚೀಟಿಯನ್ನು ನಾಕೆಯಲ್ಲಿ ತೋರಿಸಬೇಕು. ಅವಧಿ ಮೀರಿದರೆ ಹೊರೆಯೂ ಹೋಯಿತು, ದಂಡವೂ ಬಂದಿತು. ಈ ಕಷ್ಟವನ್ನು ಸರಕಾರಕ್ಕೆ ಅರಿಕೆ ಮಾಡಲೆಂದೇ 1880ರ ದಶಕದಲ್ಲಿ ಜಿಲ್ಲೆಯ ಜನರು ‘ವನದುಃಖನಿವಾರಣಿ ಸಭೆ’ಯನ್ನು ಕಟ್ಟಿದರು. ಸಭೆಯ ಹೆಸರೇ ದುಃಖವನ್ನು ಹೇಳುತ್ತದೆ; ವ್ಯಾಖ್ಯಾನ ಬೇಡ.

ಆದುದರಿಂದ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನರು ಉಪ್ಪು ಮಾಡಿದುದೂ, ಬಳಿಕ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹವೂ ಕರನಿರಾಕರಣೆಯೂ ನಡೆದುದೂ ಆಕಸ್ಮಿಕವಲ್ಲ. ತಮ್ಮ ಕಡಲ ಉಪ್ಪಿಗೂ ತಮ್ಮ ಬೆಟ್ಟದ ಮರಕ್ಕೂ ಪಾಸು ಬೇಡವೆಂದು ಅವರು ಸಾರಿದರು. ಹೊಲಮನೆಗಳು ಜಪ್ತಿಯಾದರೂ ಆ ಮಾತನ್ನು ಹಿಂದೆಗೆಯಲಿಲ್ಲ.

ಅನಂತರದ ಸಂಗತಿಗಳು ವಾಚಕರಿಗೆ ತಿಳಿದವೇ. 1961ರ ಡಿಸೆಂಬರಿನಲ್ಲಿ ಗೋವೆಯೂ ಅಂಜದೀವವೂ ಸ್ವತಂತ್ರವಾಗಿ, ಮಾಜಾಳಿಯಾಚೆಯ ಗಡಿಯಲ್ಲಿ ಪರರಾಜ್ಯದ ಕಾಗದ ಕೇಳುವವರು ಇಲ್ಲವಾದರು. ಆದರೆ 1986ರಲ್ಲಿ ನೌಕಾನೆಲೆಗೆ ಶಿಲಾನ್ಯಾಸವಾಯಿತು. ಅರಗಾ, ಚೆಂಡಿಯಾ, ಅಲಗೇರಿ ಮೊದಲಾದ ಊರುಗಳ ಕುಟುಂಬಗಳು ದೇಶರಕ್ಷಣೆಗಾಗಿ ನೆಲವನ್ನು ಬಿಟ್ಟುಕೊಟ್ಟವು. 2005ರಲ್ಲಿ ನೆಲೆಯು ಕಾರ್ಯಾರಂಭ ಮಾಡಿತು. ತಾತನು ಬಲೆ ಒಣಗಿಸಿದ ದಂಡೆಗೆ ಇಂದು ಮೊಮ್ಮಗನು ಹೋಗಬೇಕಾದರೆ ಪಾಸು ಬೇಕು. ದೇಶಕ್ಕೆ ಕಾವಲು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಕಾಡಿಗೂ ಕಾವಲು ಬೇಕು; ಇಲ್ಲವಾದರೆ ಕೊಡಲಿಗಳಿಗೆ ಮಿತಿಯಿರದು. ಆದರೆ ಪಾಸು ಕೇಳುವ ಕೈಯು ಪಾಸು ತೋರುವವನ ಹಕ್ಕನ್ನೂ ಪರಿಹಾರವನ್ನೂ ಮರೆಯಬಾರದೆಂಬುದು ನನ್ನ ವಿನಂತಿ.

ಈಗ ಆ ವೃದ್ಧೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಪಾಲಿಗೆ ಪಾಸೆಂದರೆ ಒಮ್ಮೆ ದಾಟಿದರೆ ಮುಗಿಯಿತು. ಯಾರೂ ಅದನ್ನು ಹಿಂದಕ್ಕೆ ಪಡೆಯಲಾರರು. ಆಕೆಯ ಪಾಲಿಗೆ ಪಾಸೆಂದರೆ ಅವಧಿಯುಳ್ಳ ಕಾಗದ. ತಾರೀಖು ತೀರಿದೊಡನೆ ಹೊರೆಯೂ ಹಸಿವೂ ನಾಕೆಯಲ್ಲಿ ನಿಲ್ಲುವವು. ಶಬ್ದ ಒಂದೇ, ಅಂಗಳ ಒಂದೇ; ಜಗುಲಿಯ ಮೇಲಿದ್ದವನಿಗೆ ಒಂದರ್ಥ, ಕೆಳಗಿದ್ದವಳಿಗೆ ಇನ್ನೊಂದರ್ಥ. ನಿಘಂಟಿನಲ್ಲಿ ನಾನು ಎಲ್ಲ ಅರ್ಥಗಳನ್ನೂ ಓದಿದ್ದೆನು. ಈ ಅರ್ಥವನ್ನು ಕಲಿಸಿದವಳು ಆಕೆ. ಅಂದು ನಕ್ಕು ಸುಮ್ಮನಾಗದೆ, ‘ಅಜ್ಜಿ, ನಿನ್ನ ಪಾಸು ಎಷ್ಟು ದಿವಸದ್ದು?’ ಎಂದು ನಾನು ಕೇಳಬೇಕಾಗಿತ್ತು.