ನಾದವನ್ನು ನಿಲ್ಲಿಸುವ ಕಾಲು

ಕಳೆದ ವರ್ಷ ಅಭ್ಯಾಸದ ಕೊಠಡಿಯಲ್ಲಿ ನಾನು ನುಡಿಸಿದ ವೈಬ್ರಫೋನನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಸ್ವರಗಳು ಒಂದರೊಳಗೊಂದು ಕಲಸಿ ರಾಡಿಯಾಗಿದ್ದವು. ಕೈ ತಪ್ಪಿರಲಿಲ್ಲ, ತಪ್ಪಿದ್ದು ಕಾಲು. ಉದ್ದಕ್ಕೂ ಪೆಡಲ್ ಒತ್ತಿಕೊಂಡೇ ನಿಂತಿದ್ದೆ. ಜಾಸ್ ವಾದ್ಯಗಳ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ನಾಚಿಕೆಯಾಯಿತು. ಕಾರಣವನ್ನು ಇತಿಹಾಸದಲ್ಲೇ ಹುಡುಕತೊಡಗಿದೆ.

ಅಮೆರಿಕದ ಇಂಡಿಯಾನಾಪೊಲಿಸ್‌ನ ಲೀಡಿ ಕಂಪನಿ 1920ರ ದಶಕದ ಆರಂಭದಲ್ಲಿ ಮಾರಿದ ವೈಬ್ರಫೋನಿಗೆ ಉಕ್ಕಿನ ಪಟ್ಟಿಗಳಿದ್ದವು, ಪೆಡಲ್ ಇರಲಿಲ್ಲ. ಒಮ್ಮೆ ಬಡಿದರೆ ಗುಡಿಯ ಗಂಟೆಯಂತೆ ನಾದ ತಾನಾಗಿ ಅಡಗಬೇಕಿತ್ತು. 1927ರಲ್ಲಿ ಷಿಕಾಗೋದ ಡೀಗನ್ ಕಂಪನಿಯ ಹೆನ್ರಿ ಷ್ಲೂಟರ್ ಅಲ್ಯೂಮಿನಿಯಂ ಪಟ್ಟಿಗಳನ್ನು ಹಾಕಿ, ಕೆಳಗೆ ಫೆಲ್ಟ್ ಹೊದಿಸಿದ ದಂಡವೊಂದನ್ನು ಪೆಡಲಿಗೆ ಜೋಡಿಸಿದರು. ಪೆಡಲ್ ಬಿಟ್ಟರೆ ಫೆಲ್ಟ್ ಪಟ್ಟಿಗಳಿಗೆ ತಾಗಿ ನಾದ ನಿಲ್ಲುತ್ತದೆ, ಒತ್ತಿದರೆ ಹರಿಯುತ್ತದೆ. ಅಂದರೆ ಪೆಡಲ್ ಬಂದದ್ದು ನಾದವನ್ನು ಉದ್ದ ಮಾಡಲಿಕ್ಕಲ್ಲ, ನಿಲ್ಲಿಸಲಿಕ್ಕೆ. ನಾನು ಇದನ್ನು ತಲೆಕೆಳಗಾಗಿ ತಿಳಿದಿದ್ದೆ.

1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆಗಿನ ಧ್ವನಿಮುದ್ರಣದಲ್ಲಿ ಲಯೊನೆಲ್ ಹ್ಯಾಂಪ್ಟನ್ ಈ ವಾದ್ಯವನ್ನು ಜಾಸ್‌ಗೆ ತಂದರು. ಆದರೆ ಪೆಡಲಿಗೊಂದು ಮಿತಿಯಿತ್ತು. ಅದು ಎಲ್ಲ ಸ್ವರಗಳನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸುವುದು ಹೇಗೆ? 1960ರ ದಶಕದಲ್ಲಿ ನಾಲ್ಕು ಕೋಲುಗಳಲ್ಲಿ ನುಡಿಸುತ್ತಿದ್ದ ಗ್ಯಾರಿ ಬರ್ಟನ್, ಬಾರಿಸಿದ ಪಟ್ಟಿಯನ್ನು ಕೋಲಿನ ತಲೆಯಿಂದಲೇ ಮುಟ್ಟಿ ಸುಮ್ಮನಾಗಿಸುವ ಕ್ರಮವನ್ನು ಬೆಳೆಸಿದರು. 1973ರಲ್ಲಿ ಡೇವಿಡ್ ಫ್ರೀಡ್‌ಮನ್ ಸ್ವರ ಅಡಗಿಸುವುದಕ್ಕೆ ಮತ್ತು ಪೆಡಲಿಗೆಂದೇ ಅಭ್ಯಾಸಪುಸ್ತಕ ಬರೆದರು. ಪೆಡಲ್ ಹುಟ್ಟಿ ಆಗಲೇ ನಾಲ್ಕು ದಶಕ ದಾಟಿತ್ತು.

ಇಷ್ಟು ತಿಳಿದ ಮೇಲೆ ನನ್ನ ಅಭ್ಯಾಸ ಬದಲಾಯಿತು. ಮೊದಲ ವಾರ ಪೆಡಲ್ ಮುಟ್ಟಲಿಲ್ಲ. ಒಣ ಸ್ವರಗಳಲ್ಲಿ ನನ್ನ ತಾಳದ ತಪ್ಪುಗಳೆಲ್ಲ ಬಯಲಾದವು. ಆಮೇಲೆ ಹಿಮ್ಮಡಿಯನ್ನು ನೆಲಕ್ಕೂರಿ, ತೀರಾ ನಿಧಾನಗತಿಯಲ್ಲಿ ಎರಡೇ ಸ್ವರ. ಹೊಸ ಸ್ವರ ಬೀಳುವ ಕ್ಷಣಕ್ಕೆ ಪೆಡಲ್ ಮೇಲೆದ್ದು ಹಳೆಯದನ್ನು ಅಳಿಸಬೇಕು, ಮರುಕ್ಷಣ ಕೆಳಗಿಳಿದು ಹೊಸದನ್ನು ಉಳಿಸಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಇಷ್ಟೇ. ವೇಗ ಹೆಚ್ಚಿಸುವ ಮುನ್ನ ರೆಕಾರ್ಡ್ ಮಾಡಿ ಕೇಳುತ್ತಿದ್ದೆ.

ಪೆಡಲಿನ ಮಬ್ಬನ್ನೇ ನಾನು ಇಷ್ಟು ದಿನ ಭಾವವೆಂದು ನಂಬಿದ್ದೆ. ಅದರ ಮರೆಯಲ್ಲಿ ಅಡಗಿದ್ದದ್ದು ನನ್ನ ಅಳುಕು. ಪ್ರಬಂಧದ ಅಧ್ಯಾಯಗಳಲ್ಲೂ ವಾಕ್ಯ ಮುಗಿಸಲು ಹೆದರಿ ಎಳೆದಾಡಿದ ಕಡೆಗಳು ಈಗ ಕಣ್ಣಿಗೆ ಬೀಳುತ್ತಿವೆ. ಮೊನ್ನೆಯ ರೆಕಾರ್ಡಿಂಗಿನಲ್ಲಿ ಎರಡು ಸ್ವರಗಳ ನಡುವೆ ಸಣ್ಣದೊಂದು ಮೌನ ಕೇಳಿಸಿತು. ಅದನ್ನು ನುಡಿಸಿದ್ದು ನನ್ನ ಕಾಲು.