ರಕ್ತದೊತ್ತಡ ಏರಿದಾಗಲೆಲ್ಲ ಹೃದಯ ನಿಧಾನಿಸುತ್ತದೆಯೆ?

ಮಲಗಿದ್ದವರು ಎದ್ದು ನಿಂತರೆ ಸುಮಾರು ಅರ್ಧ ಲೀಟರ್ ರಕ್ತ ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಆದರೂ ಹೆಚ್ಚಿನವರಿಗೆ ತಲೆ ಸುತ್ತುವುದಿಲ್ಲ. ದವಡೆಯ ಕೆಳಗೆ ಕೆರೊಟಿಡ್ ಧಮನಿ ಕವಲೊಡೆಯುವಲ್ಲಿ ಮತ್ತು ಮಹಾಪಧಮನಿಯ ಕಮಾನಿನಲ್ಲಿ ಇರುವ ನರತುದಿಗಳು ನಾಳದ ಗೋಡೆ ಎಷ್ಟು ಹಿಗ್ಗಿತೆಂದು ಮಿದುಳಿಗೆ ತಿಳಿಸುತ್ತಲೇ ಇರುತ್ತವೆ. ಒತ್ತಡ ಕುಸಿದರೆ ಹೃದಯವನ್ನು ನಿಧಾನಿಸುವ ವೇಗಸ್ ನರದ ಹಿಡಿತ ಸಡಿಲಾಗಿ ಬಡಿತ ಏರುತ್ತದೆ. ಒತ್ತಡ ಹೆಚ್ಚಿದರೆ ಹಿಡಿತ ಬಿಗಿಯಾಗುತ್ತದೆ. ಇದೇ ಬ್ಯಾರೋರಿಫ್ಲೆಕ್ಸ್.

ಒತ್ತಡಕ್ಕೂ ಬಡಿತಕ್ಕೂ ಇರುವ ಈ ವಿಲೋಮ ಸಂಬಂಧವನ್ನು 19ನೇ ಶತಮಾನದ ಮಧ್ಯದಲ್ಲಿ ಹೇಳಿದವನು ಫ್ರಾನ್ಸಿನ ಮಾರೆ. 1866ರಲ್ಲಿ ಸಿಯೋನ್ ಮತ್ತು ಲುಡ್ವಿಗ್ ಮೊಲದಲ್ಲಿ ಒತ್ತಡ ಇಳಿಸುವ ನರವನ್ನು ಗುರುತಿಸಿದರು. ಕತ್ತು ಒತ್ತಿದರೆ ನಾಡಿ ನಿಧಾನವಾಗುವುದು ಮೊದಲೇ ಗೊತ್ತಿತ್ತು. ಒತ್ತುವುದು ವೇಗಸ್ ನರವನ್ನೇ ಎಂದು ಎಲ್ಲರೂ ನಂಬಿದ್ದರು. ಅಲ್ಲ, ಅದು ಧಮನಿ ಕವಲೊಡೆಯುವಲ್ಲಿರುವ ಕೆರೊಟಿಡ್ ಸೈನಸ್‌ನಿಂದ ಹೊರಡುವ ಪ್ರತಿವರ್ತನೆ ಎಂದು 1920ರ ದಶಕದಲ್ಲಿ ಹೇರಿಂಗ್ ತೋರಿಸಿಕೊಟ್ಟ.

ಹೀಗೆ ಅದರ ಇರವು ಖಚಿತವಾಯಿತು. ಅದಕ್ಕೆ ಅಂಕಿ ಕೊಟ್ಟವರು ಆಕ್ಸ್‌ಫರ್ಡಿನ ಸ್ಮಿತ್, ಸ್ಲೈಟ್, ಪಿಕರಿಂಗ್. 1969ರಲ್ಲಿ ಅವರು ಆಂಜಿಯೋಟೆನ್ಸಿನ್ ಚುಚ್ಚಿ ಒತ್ತಡ ಏರಿಸಿ, ಪ್ರತಿ 1 ಮಿ.ಮೀ. ಪಾದರಸದ ಏರಿಕೆಗೆ ಎರಡು ಬಡಿತಗಳ ನಡುವಿನ ಅಂತರ ಎಷ್ಟು ಮಿಲಿಸೆಕೆಂಡ್ ಹಿಗ್ಗುತ್ತದೆಂದು ಅಳೆದರು. ವಯಸ್ಸಾದಂತೆ, ಬಿ.ಪಿ. ಇರುವವರಲ್ಲಿ ಈ ಅಂಕಿ ತಗ್ಗುತ್ತದೆ ಎಂಬುದೂ ಬೇಗನೆ ತಿಳಿಯಿತು. ಹೃದಯಾಘಾತವಾದ 1284 ಮಂದಿಯನ್ನು ಗಮನಿಸಿ 1998ರಲ್ಲಿ ಪ್ರಕಟವಾದ ಅಟ್ರಾಮಿ ಅಧ್ಯಯನದಲ್ಲಿ, ಅಂಕಿ 3ಕ್ಕಿಂತ ಕಡಿಮೆ ಇದ್ದವರಿಗೆ ಸಾವಿನ ಅಪಾಯ ಹೆಚ್ಚಿತ್ತು.

ಆದರೆ ಚುಚ್ಚುಮದ್ದಿನಿಂದ ಒತ್ತಡ ಏರಿಸುವುದು ಬೇರೆ, ದಿನನಿತ್ಯದ ಬದುಕು ಬೇರೆ. 1980ರ ದಶಕದಲ್ಲಿ ಮಿಲಾನಿನ ದಿ ರಿಯೆಂಜೊ ಮತ್ತು ಸಂಗಡಿಗರು ಔಷಧಿಯನ್ನೇ ಬಿಟ್ಟರು. ಒತ್ತಡ ಮೂರ್ನಾಲ್ಕು ಬಡಿತಗಳುದ್ದಕ್ಕೂ ತಾನಾಗಿ ಏರುವ ಅಥವಾ ಇಳಿಯುವ ಸಾಲುಗಳನ್ನು ದಾಖಲೆಯಿಂದ ಆರಿಸಿ, ಬಡಿತಗಳ ಅಂತರವೂ ಜತೆಗೇ ಹಿಗ್ಗಿತೆ, ಕುಗ್ಗಿತೆ ಎಂದು ನೋಡಿದರು. ಬೆಕ್ಕುಗಳಲ್ಲಿ ಒತ್ತಡವನ್ನು ಮಿದುಳಿಗೆ ತಿಳಿಸುವ ನರಗಳನ್ನು ಕತ್ತರಿಸಿದಾಗ ಇಂಥ ಜೋಡಿಗಳು ಬಹುಮಟ್ಟಿಗೆ ಮಾಯವಾದವು. ಅಂದಮೇಲೆ ಅವು ಕಾಕತಾಳೀಯವಲ್ಲ. 2001ರಲ್ಲಿ ಅದೇ ತಂಡ ಮನುಷ್ಯರ ಲೆಕ್ಕ ಹಾಕಿದಾಗ ಸಿಕ್ಕಿದ್ದು ಅಚ್ಚರಿಯ ಉತ್ತರ: ಒತ್ತಡದ ಸಾಲುಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಮಾತ್ರ ಹೃದಯ ನಿರೀಕ್ಷೆಯಂತೆ ಸ್ಪಂದಿಸಿತ್ತು!

ಉಳಿದ ನಾಲ್ಕರಲ್ಲಿ ವ್ಯವಸ್ಥೆ ಕೆಟ್ಟಿತ್ತು ಎಂದಲ್ಲ. ಉಸಿರಾಟ, ನಡಿಗೆ, ಸಿಟ್ಟು, ಗಾಬರಿ ಎಲ್ಲವೂ ಹೃದಯವನ್ನು ತಮ್ಮತ್ತ ಎಳೆಯುತ್ತವೆ. ಬಲ ಹೃತ್ಕರ್ಣ ತುಂಬಿದರೆ ಬಡಿತ ಏರುತ್ತದೆಂದು ಬೇನ್‌ಬ್ರಿಜ್ 1915ರಲ್ಲೇ ಹೇಳಿದ್ದ, ಅದು ಬ್ಯಾರೋರಿಫ್ಲೆಕ್ಸ್‌ಗೆ ತದ್ವಿರುದ್ಧ. ಮೇಲಾಗಿ ಬ್ಯಾರೋರಿಫ್ಲೆಕ್ಸ್ ರಕ್ತನಾಳಗಳನ್ನೂ ನಿಯಂತ್ರಿಸುತ್ತದೆ. ನಾಡಿ ಸುಮ್ಮನಿದ್ದರೂ ಕೆಲಸ ನಡೆದಿರಬಹುದು. ಆ ಕೆಲಸ ಏರಿಳಿತ ತಡೆಯುವುದು: ಕೌಲಿ, ಲಿಯಾರ್ಡ್, ಗೈಟನ್ 1973ರಲ್ಲಿ ನಾಯಿಗಳಲ್ಲಿ ಇದೇ ನರಗಳನ್ನು ಕತ್ತರಿಸಿದಾಗ ಇಡೀ ದಿನದ ಸರಾಸರಿ ಒತ್ತಡ ಹೆಚ್ಚೇನೂ ಏರಲಿಲ್ಲ, ಏರಿಳಿತ ಮಾತ್ರ ವಿಪರೀತವಾಯಿತು.

ಆದ್ದರಿಂದ ಪ್ರತಿವರ್ತನೆ ಎಷ್ಟು ಬಲವಾಗಿದೆ ಎಂಬುದರ ಜತೆಗೆ ಎಷ್ಟು ಸಲ ಕೆಲಸ ಮಾಡಿತು ಎಂಬುದನ್ನೂ ಅದನ್ನು ಅಳೆದ ವರದಿ ಹೇಳಬೇಕು. ಮೊದಲ ಅಂಕಿಯೊಂದನ್ನೇ ಕೊಡುವ ವರದಿ ಅರ್ಧ ವರದಿ.